‘ನಾನು ಸಾಯ್ತೀನಾ ಸಿಸ್ಟರ್?’ ಅಂತ ರೋಗಿ ಕೇಳಿದಾಗ

ಪ್ರಶ್ನೆ: ನಾನು ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಈಗ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್. ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ರಕ್ತವನ್ನು ಸರಿಯಾಗಿ ಪಂಪ್ ಮಾಡಲು ಆಗದ ಸ್ಥಿತಿ) ಆಗಿರುವ ಒಬ್ಬ ವಯಸ್ಸಾದ ರೋಗಿ, ರಾತ್ರಿ ಬಿಪಿ ನೋಡುತ್ತಿದ್ದಾಗ ‘ನಾನು ಸಾಯ್ತೀನಾ ಸಿಸ್ಟರ್?’ ಅಂತ ಕೇಳಿದರು. ನನಗೆ ಗಾಬರಿಯಾಯಿತು. ‘ಹಾಗೆಲ್ಲ ಮಾತಾಡಬೇಡಿ, ಏನೂ ಆಗಲ್ಲ, ಆರಾಮಾಗಿ ಮಲಗಿ’ ಅಂದುಬಿಟ್ಟೆ. ಅವರು ಮುಖ ತಿರುಗಿಸಿಕೊಂಡರು. ಆಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಥೆರಪ್ಯೂಟಿಕ್ ಕಮ್ಯುನಿಕೇಷನ್, ಅಂದರೆ ರೋಗಿಗೆ ನೆರವಾಗುವ ಹಾಗೆ ಮಾತಾಡುವ ರೀತಿಯ ಬಗ್ಗೆ ಕ್ಲಾಸಿನಲ್ಲಿ ಕೊಟ್ಟ ಪಟ್ಟಿ ಪೂರ್ತಿ ಬಾಯಿಪಾಠ ಇದೆ, ಆದರೆ ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಅಲ್ಲದೆ ಇಷ್ಟು ಕೆಲಸದ ನಡುವೆ ಕೂತು ಮಾತಾಡಲು ಸಮಯ ಎಲ್ಲಿದೆ? ನಾನು ಏನು ಹೇಳಬೇಕಿತ್ತು?

ಉತ್ತರ: ಆ ಪ್ರಶ್ನೆಯನ್ನು ಅವರು ನಿಮ್ಮ ಹತ್ತಿರ ಕೇಳಿದರು ಅನ್ನುವುದನ್ನು ಮೊದಲು ಗಮನಿಸಿ. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರ ಹತ್ತಿರ ಕೇಳಲಿಲ್ಲ, ಮನೆಯವರ ಹತ್ತಿರವೂ ಕೇಳಲಿಲ್ಲ. ರಾತ್ರಿ ಹೊತ್ತು, ವಾರ್ಡಿನ ಗಲಾಟೆಯೆಲ್ಲ ಅಡಗಿದ ಮೇಲೆ, ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದ ನಿಮ್ಮನ್ನು ಕೇಳಿದರು. ಮನೆಯವರಿಗೆ ಹೇಳಿದರೆ ಅವರು ಅತ್ತುಬಿಡುತ್ತಾರೆ. ಡಾಕ್ಟರಿಗೆ ಹೇಳೋಣ ಅಂದರೆ ಅವರು ಆಗಲೇ ಪಕ್ಕದ ಹಾಸಿಗೆಗೆ ಹೋಗಿರುತ್ತಾರೆ. ನರ್ಸ್ ಮಾತ್ರ ಮೈ ಮುಟ್ಟುತ್ತಾರೆ, ಬೆಡ್‌ಪ್ಯಾನ್ ಇಡುತ್ತಾರೆ, ರಾತ್ರಿ ಮೂರು ಗಂಟೆಗೂ ಕಣ್ಣಿಗೆ ಬೀಳುತ್ತಾರೆ. ಅದಕ್ಕೇ ದೊಡ್ಡ ದೊಡ್ಡ ಪ್ರಶ್ನೆಗಳು ನಮಗೆ ಬರುತ್ತವೆ, ಅದೂ ಇಂಥ ಸಣ್ಣ ಕೆಲಸದ ಮಧ್ಯೆಯೇ ಬರುತ್ತವೆ. ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಅವರು ಬಾಯೇ ಬಿಡುತ್ತಿರಲಿಲ್ಲ.

ಈಗ ‘ಏನೂ ಆಗಲ್ಲ’ ಅನ್ನುವ ಮಾತಿಗೆ ಬರೋಣ. ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಅದರಿಂದ ಸಮಾಧಾನ ಆಗುವುದು ಹೇಳಿದವರಿಗೆ, ಕೇಳಿಸಿಕೊಂಡವರಿಗಲ್ಲ. ಆ ಹಿರಿಯರಿಗೆ ತಮ್ಮ ದೇಹ ಗೊತ್ತಿದೆ. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದಿಕೊಂಡಿದೆ, ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಇಷ್ಟೆಲ್ಲ ಕಣ್ಣೆದುರಿಗೇ ಇರುವಾಗ ‘ಏನೂ ಆಗಲ್ಲ’ ಅಂದರೆ ಅವರಿಗೆ ಕೇಳಿಸುವುದೇ ಬೇರೆ: ‘ಈ ವಿಷಯ ನನ್ನ ಹತ್ತಿರ ಎತ್ತಬೇಡಿ.’ ಎತ್ತಬೇಡಿ ಅಂದಿರಿ, ಎತ್ತಲಿಲ್ಲ, ಮುಖ ತಿರುಗಿಸಿಕೊಂಡರು. ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಇದರ ಬಗ್ಗೆ ಸಿಟ್ಟಿನಿಂದ ಬರೆದಿದ್ದಾರೆ. ರೋಗಿಯ ಅಪಾಯವನ್ನು ಹಗುರ ಮಾಡಿ, ಸುಮ್ನೆ ಧೈರ್ಯದ ಮಾತು ಸುರಿಯುವವರು ರೋಗಿಯನ್ನು ಇನ್ನಷ್ಟು ದಣಿಸುತ್ತಾರೆ, ಒಂಟಿ ಮಾಡುತ್ತಾರೆ ಅನ್ನುವುದು ಅವರ ದೂರು. ಅಂದಿನ ಔಷಧಗಳೆಲ್ಲ ಬದಲಾಗಿವೆ, ಈ ದೂರು ಮಾತ್ರ ಹಾಗೇ ಉಳಿದಿದೆ.

ಹಾಗಾದರೆ ಏನು ಹೇಳಬೇಕಿತ್ತು? ಹೇಳುವುದಕ್ಕಿಂತ ಮೊದಲು ಕೇಳಬೇಕಿತ್ತು. ‘ನಾನು ಸಾಯ್ತೀನಾ’ ಅನ್ನುವುದು ನೋಡಲು ಒಂದೇ ಪ್ರಶ್ನೆ, ಒಳಗೆ ಇರುವುದು ಯಾವುದು ಅಂತ ನಮಗೆ ಗೊತ್ತಿರುವುದಿಲ್ಲ. ಕೆಲವರಿಗೆ ಸಾವಿನ ಭಯ. ಕೆಲವರಿಗೆ ಸಾವಿನದ್ದಲ್ಲ, ಉಸಿರು ಕಟ್ಟಿ ಒದ್ದಾಡುತ್ತಾ ಸಾಯುವ ಭಯ. ಕೆಲವರಿಗೆ ದೂರದಲ್ಲಿರುವ ಮಗ ಬರುವ ತನಕ ಇರುತ್ತೇನಾ ಅನ್ನುವ ಲೆಕ್ಕ. ‘ನಾನು ಹೋದರೆ ಇವಳನ್ನು ಯಾರು ನೋಡ್ಕೋತಾರೆ’ ಅನ್ನುವ ಚಿಂತೆ ಇರುವವರೂ ಇದ್ದಾರೆ. ಇನ್ನು ಕೆಲವರು ಸಾಕಾಗಿದೆ, ಬೇಗ ಮುಗಿದರೆ ಸಾಕು ಅನ್ನುವ ಅರ್ಥದಲ್ಲಿ ಕೇಳುತ್ತಾರೆ. ಒಂದೇ ಉತ್ತರ ಇಷ್ಟಕ್ಕೂ ಹೊಂದುವುದಿಲ್ಲ ಅಲ್ವಾ? ಅದಕ್ಕೆ ‘ಏನಾಯ್ತು, ಈ ಯೋಚನೆ ಯಾವಾಗಿಂದ ಬರ್ತಿದೆ?’ ಅಂತ ಮೆಲ್ಲಗೆ ಕೇಳಿ, ಸುಮ್ಮನಾಗಬೇಕು.

ಮಾತಿನ ಒಳಗೆ ಕಾಯಿಲೆಯ ಸುಳಿವೂ ಇರುತ್ತದೆ ಅನ್ನುವುದನ್ನು ದಯವಿಟ್ಟು ಮರೆಯಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೃದಯಾಘಾತ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ತೀವ್ರ ಅಲರ್ಜಿ, ರಕ್ತ ಕೊಡುವಾಗ ಆಗುವ ರಿಯಾಕ್ಷನ್, ಇವುಗಳಲ್ಲಿ ರೋಗಿಗೆ ‘ಏನೋ ಕೆಟ್ಟದ್ದಾಗ್ತಿದೆ, ನಾನು ಉಳಿಯಲ್ಲ’ ಅಂತ ಇದ್ದಕ್ಕಿದ್ದಂತೆ ಅನ್ನಿಸುವುದುಂಟು. ಕೆಲವೊಮ್ಮೆ ಮಾನಿಟರಿನಲ್ಲಿ ಏನೂ ಕಾಣುವ ಮೊದಲೇ ಹಾಗೆ ಹೇಳುತ್ತಾರೆ. ಹಾಗಾಗಿ ಆ ಮಾತು ಕಿವಿಗೆ ಬಿದ್ದ ತಕ್ಷಣ ನರ್ಸ್ ಎರಡು ಕೆಲಸ ಒಟ್ಟಿಗೆ ಮಾಡಬೇಕು. ಕಿವಿ ಮಾತಿನ ಕಡೆ, ಕಣ್ಣು ಮೈ ಕಡೆ. ಉಸಿರು ಎಷ್ಟು ವೇಗವಾಗಿದೆ, ಬೆವರುತ್ತಿದ್ದಾರಾ, ತುಟಿಯ ಬಣ್ಣ ಹೇಗಿದೆ, ನಾಡಿ ಹೇಗಿದೆ, ಆಕ್ಸಿಜನ್ ಎಷ್ಟು ತೋರಿಸುತ್ತಿದೆ, ಎದೆಯಲ್ಲಿ ಏನಾದರೂ ಆಗ್ತಿದೆಯಾ. ಏನಾದರೂ ಬದಲಾವಣೆ ಕಂಡರೆ ಮಾತು ಆಮೇಲೆ, ಮೊದಲು ಸೀನಿಯರ್ ಸ್ಟಾಫನ್ನು ಕರೆಯಿರಿ. ‘ಏನೂ ಆಗಲ್ಲ’ ಅಂದುಬಿಟ್ಟರೆ ಇದನ್ನು ನೋಡುವ ಅವಕಾಶವೇ ಹೋಗುತ್ತದೆ.

ಎಲ್ಲ ಸರಿಯಾಗಿದೆ, ಇದು ಮನಸ್ಸಿನ ಮಾತೇ ಅಂತ ಗೊತ್ತಾದರೆ ಆಗ ಕೂತುಕೊಳ್ಳಿ. ‘ಡಾಕ್ಟರ್ ನಿಮಗೆ ಏನು ಹೇಳಿದ್ದಾರೆ?’ ಅಂತ ಕೇಳಿ. ಅವರಿಗೆ ಎಷ್ಟು ಗೊತ್ತು, ಇನ್ನೆಷ್ಟು ತಿಳಿಯಬೇಕು ಅಂತ ಇದೆ ಅನ್ನುವುದು ಆ ಉತ್ತರದಲ್ಲೇ ಸಿಗುತ್ತದೆ. ಆಯುಷ್ಯದ ಲೆಕ್ಕ ಹೇಳುವುದು ವಿದ್ಯಾರ್ಥಿನಿಯ ಕೆಲಸ ಅಲ್ಲ, ಸ್ಟಾಫ್ ನರ್ಸ್ ಕೆಲಸವೂ ಅಲ್ಲ. ಆದರೆ ಗೊತ್ತಿಲ್ಲ ಅನ್ನುವುದನ್ನು ನಿಜವಾಗಿ ಹೇಳಬಹುದು. ‘ಅದು ನನಗೆ ಗೊತ್ತಿಲ್ಲ. ನಿಮಗೆ ಭಯ ಆಗ್ತಿದೆ ಅಂತ ಕಾಣುತ್ತೆ. ಬೆಳಗ್ಗೆ ಡಾಕ್ಟರ್ ಬಂದಾಗ ನೀವು ಈ ವಿಷಯ ಮಾತಾಡಬೇಕು ಅಂದಿದ್ದೀರಿ ಅಂತ ನಾನು ಹೇಳಿರ್ತೀನಿ. ಇವತ್ತು ರಾತ್ರಿ ನಾನು ಇಲ್ಲೇ ಇರ್ತೀನಿ, ಬೆಲ್ ಒತ್ತಿದ್ರೆ ಬರ್ತೀನಿ.’ ಇಷ್ಟೇ ಸಾಕು. ಇದರಲ್ಲಿ ಸುಳ್ಳಿಲ್ಲ, ಒಣ ಉಪದೇಶ ಇಲ್ಲ, ಮತ್ತೆ ನೀವು ಮಾಡಿಕೊಡಲಾಗದ ಭರವಸೆಯೂ ಇಲ್ಲ. ಬೆಲ್ ಒತ್ತಿದರೆ ಬರ್ತೀನಿ ಅಂದ ಮೇಲೆ ಬರಲೇಬೇಕು, ಅದು ಬೇರೆ ಮಾತು. ಬರಲು ಆಗದಷ್ಟು ಕೆಲಸ ಇದ್ದರೆ ‘ಹತ್ತು ನಿಮಿಷ ತಡ ಆಗಬಹುದು’ ಅಂತ ಮೊದಲೇ ಹೇಳಿ.

ಈಗಲೂ ಕಾಲ ಮಿಂಚಿಲ್ಲ. ಮುಂದಿನ ಡ್ಯೂಟಿಯಲ್ಲಿ ಅವರು ಇನ್ನೂ ಆ ಹಾಸಿಗೆಯಲ್ಲಿದ್ದರೆ ಹತ್ತಿರ ಹೋಗಿ ಹೇಳಿ: ‘ಆ ರಾತ್ರಿ ನೀವೊಂದು ಮಾತು ಕೇಳಿದ್ರಿ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ಹೇಳಬೇಕು ಅನ್ನಿಸಿದ್ರೆ ಹೇಳಿ, ನಾನು ಕೂತ್ಕೋತೀನಿ.’ ಅವರು ‘ಏನಿಲ್ಲ ಬಿಡಮ್ಮ’ ಅನ್ನಬಹುದು. ಅಂದರೆ ಅನ್ನಲಿ. ಒತ್ತಾಯ ಬೇಡ. ಕೇಳುವುದಕ್ಕೆ ಒಬ್ಬರಿದ್ದಾರೆ ಅನ್ನುವುದು ಅವರಿಗೆ ಗೊತ್ತಾಯಿತಲ್ಲ.

ಸಮಯದ ವಿಷಯ. ಇದು ನಿಮ್ಮ ಪ್ರಶ್ನೆಯ ನಿಜವಾದ ಗಂಟು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರೋಗಿ ಒಮ್ಮೆ ಮಾತು ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ ಅನ್ನುವ ಭಯ ಎಲ್ಲರಿಗೂ ಇದೆ. 1984ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ರೋಗಿ ತನ್ನ ತೊಂದರೆ ಹೇಳಲು ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕುತ್ತಿದ್ದರು ಅಂತ ಕಂಡುಬಂತು. 2002ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಇನ್ನೊಂದು ತಂಡ ಇದನ್ನು ತಿರುಗಿಸಿ ನೋಡಿತು. ಯಾರೂ ತಡೆಯದಿದ್ದರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾರೆ? ಸರಾಸರಿ 92 ಸೆಕೆಂಡ್. ಅಂದರೆ ಎರಡು ನಿಮಿಷ ಕೂಡ ಇಲ್ಲ. ಬಿಪಿ, ನಾಡಿ, ಉಸಿರು ಎಣಿಸಿ ಬರೆಯುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಈ ಎರಡೂ ಡಾಕ್ಟರ್‌ಗಳ ಮೇಲೆ ನಡೆದ ಅಧ್ಯಯನ, ಆದರೆ ಪಾಠ ನಮಗೂ ಅದೇ. 2012ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಆಪರೇಷನ್ ಆದವರನ್ನು ನೋಡಲು ಹೋದ ಡಾಕ್ಟರ್ ಕೆಲವರ ಹತ್ತಿರ ನಿಂತೇ ಮಾತಾಡಿದರು, ಕೆಲವರ ಹತ್ತಿರ ಕುರ್ಚಿ ಎಳೆದು ಕೂತರು. ಇದ್ದ ಹೊತ್ತು ಹೆಚ್ಚುಕಮ್ಮಿ ಅಷ್ಟೇ, ಆದರೂ ಕೂತಾಗ ರೋಗಿಗಳಿಗೆ ‘ತುಂಬಾ ಹೊತ್ತು ಇದ್ದರು’ ಅನ್ನಿಸಿತು. ಬಾಗಿಲ ಹತ್ತಿರ ನಿಂತು ಐದು ನಿಮಿಷ ಮಾತಾಡುವುದಕ್ಕಿಂತ ಹಾಸಿಗೆ ಪಕ್ಕ ಕೂತು ಒಂದು ನಿಮಿಷ ಮಾತಾಡುವುದೇ ವಾಸಿ.

ಹಾಗಾಗಿ ಮಾತಿಗೆ ಅಂತ ಬೇರೆ ಸಮಯ ಹುಡುಕಬೇಡಿ. ಸಿಗುವುದಿಲ್ಲ. ಮಾತಾಡುವ ಜಾಗ ಆರೈಕೆಯ ಒಳಗೇ ಇದೆ. ನನ್ನ ಪ್ರಕಾರ ಕ್ಲಾಸಿನಲ್ಲಿ ಆಗುವ ತೊಂದರೆಯೂ ಇದೇ. ಆರೈಕೆಯ ತತ್ವಗಳು ಒಂದು ಪಾಠ, ಸಂವಹನ ಇನ್ನೊಂದು ಪಾಠ, ಎರಡಕ್ಕೂ ಬೇರೆ ಬೇರೆ ಪರೀಕ್ಷೆ. ವಾರ್ಡಿನಲ್ಲಿ ಎರಡನ್ನೂ ಬೇರೆ ಮಾಡಲು ಬರುವುದೇ ಇಲ್ಲ.

ಒಂದು ಡ್ರೆಸ್ಸಿಂಗನ್ನೇ ತೆಗೆದುಕೊಳ್ಳಿ. ಕಾಲಿನ ಮೇಲೆ ಹಸಿ ಗಾಯ, ನಿನ್ನೆಯ ಗಾಜ್ ಅಂಟಿಕೊಂಡಿದೆ. ಟ್ರಾಲಿ ತಳ್ಳಿಕೊಂಡು ಬಂದು, ಹೊದಿಕೆ ಎಳೆದು, ಪಕ್ಕದಲ್ಲಿ ನಿಂತ ಇನ್ನೊಬ್ಬ ಸಿಸ್ಟರ್ ಜೊತೆ ಮುಂದಿನ ವಾರದ ರಜೆ ಬಗ್ಗೆ ಮಾತಾಡುತ್ತಾ ಗಾಜ್ ಕಿತ್ತರೆ ಕೆಲಸ ಬೇಗ ಮುಗಿಯುತ್ತದೆ. ನಾಳೆ ಟ್ರಾಲಿಯ ಸದ್ದು ಕೇಳಿದ ಕೂಡಲೇ ಆ ರೋಗಿಯ ಮೈ ಬಿಗಿಯಾಗುತ್ತದೆ. ಈಗ ಇನ್ನೊಂದು ರೀತಿ ನೋಡಿ. ನೋವಿನ ಮಾತ್ರೆ ಬರೆದಿದ್ದರೆ ಅರ್ಧ ಮುಕ್ಕಾಲು ಗಂಟೆ ಮುಂಚೆಯೇ ಕೊಡುತ್ತೀರಿ. ಬಂದು ಪರದೆ ಎಳೆಯುತ್ತೀರಿ. ಹೆಸರು ಕೇಳಿ ಖಚಿತ ಮಾಡಿಕೊಳ್ಳುತ್ತೀರಿ, ನಿಮ್ಮ ಹೆಸರು ಹೇಳುತ್ತೀರಿ. ಅವರಿಗೆ ಕಾಣುವ ಹಾಗೆ ಕೈ ತೊಳೆಯುತ್ತೀರಿ. ಕಾಲು ಮಾತ್ರ ತೆರೆದು ಉಳಿದದ್ದನ್ನು ಮುಚ್ಚಿಯೇ ಇಡುತ್ತೀರಿ. ‘ಈಗ ಸಲೈನ್ ಹಾಕಿ ಗಾಜ್ ನೆನೆಸ್ತೀನಿ, ತಣ್ಣಗಾಗುತ್ತೆ. ಎರಡು ನಿಮಿಷ ಬಿಟ್ಟು ತೆಗೀತೀನಿ. ಕೊನೆಯಲ್ಲಿ ಸ್ವಲ್ಪ ಚುರ್ ಅನ್ನುತ್ತೆ. ನಿಲ್ಸಿ ಅಂದ್ರೆ ನಿಲ್ಲಿಸ್ತೀನಿ.’ ಆ ಕೊನೆಯ ವಾಕ್ಯ ತುಂಬಾ ಮುಖ್ಯ. ಹಾಗೆ ಹೇಳಿದ ಮೇಲೆ ಅವರು ನಿಲ್ಸಿ ಅಂದಾಗ ಕೈ ನಿಜವಾಗಿಯೂ ನಿಲ್ಲಬೇಕು. ಹಾಸಿಗೆಯಲ್ಲಿ ಬಿದ್ದ ಮನುಷ್ಯನಿಗೆ ತನ್ನ ಮೈ ಮೇಲೆ ತನಗೇ ಅಧಿಕಾರ ಇಲ್ಲ ಅನ್ನುವ ಭಾವನೆ ಇರುತ್ತದಲ್ಲ, ಅದನ್ನು ಒಂದು ಮಾತಿನಿಂದ ಸ್ವಲ್ಪ ಕಡಿಮೆ ಮಾಡಿದಿರಿ. ಗಾಜ್ ನೆನೆಯುವ ಆ ಎರಡು ನಿಮಿಷ ಇದೆಯಲ್ಲ, ಮನೆಯ ಚಿಂತೆ, ಆಪರೇಷನ್ ಭಯ, ರಾತ್ರಿ ನಿದ್ದೆ ಬರದಿರುವುದು, ಎಲ್ಲ ಆಗಲೇ ಹೊರಗೆ ಬರುತ್ತವೆ. ನೀವು ಏನೂ ಕೇಳದಿದ್ದರೂ ಬರುತ್ತವೆ.

ಹೆಸರು ಹೇಳುವುದು ಅಂದೆ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಕೇಟ್ ಗ್ರೇಂಜರ್ ಅಂತ ಬ್ರಿಟನ್ನಿನಲ್ಲಿ ಒಬ್ಬರು ಡಾಕ್ಟರ್ ಇದ್ದರು. ಅವರಿಗೇ ಕ್ಯಾನ್ಸರ್ ಬಂತು. 2013ರಲ್ಲಿ ತಾವೇ ರೋಗಿಯಾಗಿ ಆಸ್ಪತ್ರೆಯಲ್ಲಿ ಮಲಗಿದಾಗ, ತಮ್ಮನ್ನು ನೋಡಲು ಬಂದ ಎಷ್ಟೋ ಸಿಬ್ಬಂದಿ ಹೆಸರನ್ನೇ ಹೇಳುವುದಿಲ್ಲ ಅನ್ನುವುದು ಅವರ ಗಮನಕ್ಕೆ ಬಂತು. ‘ಹಲೋ, ನನ್ನ ಹೆಸರು ಹೀಗೆ’ ಅಂತ ಪರಿಚಯ ಹೇಳಿಕೊಂಡೇ ಶುರುಮಾಡಿ ಅನ್ನುವ ಅಭಿಯಾನವನ್ನು ಅವರು ಆರಂಭಿಸಿದರು. 2016ರಲ್ಲಿ ಅವರು ತೀರಿಕೊಂಡರು, ಅಭಿಯಾನ ಹಲವು ದೇಶಗಳಿಗೆ ಹೋಯಿತು. ಹೆಸರು, ಕೆಲಸ, ಎಷ್ಟು ಗಂಟೆಯ ತನಕ ಇರುತ್ತೀರಿ, ಈಗ ಏನು ಮಾಡಲು ಬಂದಿದ್ದೀರಿ. ನಾಲ್ಕು ಮಾತು, ಹತ್ತು ಸೆಕೆಂಡ್. ವಿದ್ಯಾರ್ಥಿನಿ ಅಂತಲೂ ಹೇಳಿ, ಮುಚ್ಚಿಡಬೇಡಿ.

ನರ್ಸಿಂಗ್ ಅಂದರೇನು ಅಂತ ವಿವರಿಸಿದ ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಹೇಳಿದ್ದನ್ನು ನೀವು ಓದಿರುತ್ತೀರಿ. ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಏನು ಮಾಡಿಕೊಳ್ಳುತ್ತಿದ್ದರೋ ಅದನ್ನು ನರ್ಸ್ ಮಾಡಿಕೊಡಬೇಕು, ಅದೂ ಅವರು ಆದಷ್ಟು ಬೇಗ ತಾವೇ ಮಾಡಿಕೊಳ್ಳುವಂತಾಗುವ ಹಾಗೆ. ಇದು ಆರೈಕೆಯ ತತ್ವ ಅಂತ ಬರೆದು ಮಾರ್ಕ್ಸ್ ತೆಗೆದುಕೊಳ್ಳುತ್ತೇವೆ. ಸ್ಪಂಜ್ ಬಾತ್ ಕೊಡುವಾಗ ಮುಖ ಒರೆಸುವ ಬಟ್ಟೆಯನ್ನು ಅವರ ಕೈಗೇ ಕೊಡುವುದು, ನಿಧಾನವಾದರೂ ಕಾಯುವುದು, ಇದೇ ಅದು. ಸ್ಟ್ರೋಕ್ ಆಗಿ ಒಂದು ಕೈ ಬಿದ್ದವರು ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ತಮ್ಮ ಮುಖ ತಾವೇ ಒರೆಸಿಕೊಳ್ಳುವುದನ್ನು ಒಮ್ಮೆ ಗಮನಿಸಿ ನೋಡಿ. ಅರ್ಧ ಮುಖ ಬಿಟ್ಟುಹೋಗಬಹುದು, ನೀರು ಕತ್ತಿನೊಳಗೆ ಇಳಿಯಬಹುದು. ಆದರೂ ಆ ಹೊತ್ತು ಅವರು ರೋಗಿ ಅಲ್ಲ, ಬೆಳಗ್ಗೆ ಎದ್ದು ಮುಖ ತೊಳೆಯುತ್ತಿರುವ ಮನುಷ್ಯ. ಬಿಟ್ಟುಹೋದ ಕಡೆ ಆಮೇಲೆ ನೀವು ಒರೆಸಬಹುದು.

ನೋವಿನ ಬಗ್ಗೆ ಹೇಳದಿದ್ದರೆ ಈ ಉತ್ತರ ಅರ್ಧ. ಮಾರ್ಗೋ ಮೆಕ್‌ಕ್ಯಾಫ್ರಿ ಅನ್ನುವ ನರ್ಸ್ 1968ರಲ್ಲಿ ಹೇಳಿದ್ದು ಇವತ್ತಿಗೂ ಬುಡದಲ್ಲಿದೆ: ನೋವು ಅಂದರೆ ಅನುಭವಿಸುತ್ತಿರುವವರು ಏನು ಹೇಳುತ್ತಾರೋ ಅದೇ, ಇದೆ ಅಂದಾಗ ಇದೆ. ‘ನೋಡಿದ್ರೆ ಹಾಗೆ ಕಾಣಲ್ಲ’, ‘ಇಷ್ಟಕ್ಕೆಲ್ಲ ಕೂಗ್ತಾರಾ’ ಅನ್ನುವ ಮಾತುಗಳು ವಾರ್ಡಿನಲ್ಲಿ ಇರಲೇಬಾರದು. ಸುಮ್ಮನೆ ‘ನೋವಿದೆಯಾ’ ಅಂತ ಕೇಳಿದರೆ ‘ಪರವಾಗಿಲ್ಲ’ ಅಂತಾರೆ, ಮುಗಿಯಿತು. ಸೊನ್ನೆಯಿಂದ ಹತ್ತರ ಅಳತೆ ಕೇಳಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಎಲ್ಲಿ, ಹೇಗೆ, ಏನು ಮಾಡಿದರೆ ಜಾಸ್ತಿ ಆಗುತ್ತೆ ಅಂತ ಕೇಳಿ. ಚುಚ್ಚಿದ ಹಾಗೆ ಅಂತಾರಾ, ಉರಿ ಅಂತಾರಾ, ಸೆಳೆತ ಅಂತಾರಾ, ಎದೆ ಹಿಂಡಿದ ಹಾಗೆ ಅಂತಾರಾ? ಉರಿ, ಕರೆಂಟ್ ಹೊಡೆದ ಹಾಗೆ ಅಂದರೆ ನರದ ನೋವು ಇರಬಹುದು. ಎದೆ ಹಿಂಡಿದ ಹಾಗೆ ಅಂದರೆ ಇಸಿಜಿಗೆ ಓಡಬೇಕು. ಮಾತಾಡಲು ಆಗದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಯಾದರೆ ಮುಖ, ಉಸಿರು, ಮುಲುಕುವುದು, ಮುಟ್ಟಿದರೆ ಮೈ ಎಳೆದುಕೊಳ್ಳುವುದು, ಇವನ್ನೇ ಓದಬೇಕು. ಮಾತ್ರೆ ಕೊಟ್ಟ ಮೇಲೆ ಮತ್ತೆ ಹೋಗಿ ‘ಈಗ ಎಷ್ಟಿದೆ’ ಅಂತ ಕೇಳುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನರ್ಸಿಂಗ್ ಪ್ರೊಸೆಸ್‌ನ, ಅಂದರೆ ಆರೈಕೆಯ ಕ್ರಮದ, ಐದನೇ ಹೆಜ್ಜೆ ಇವ್ಯಾಲ್ಯುಯೇಷನ್ (ಮಾಡಿದ್ದು ಫಲ ಕೊಟ್ಟಿತಾ ಅಂತ ನೋಡುವುದು) ಅಂತ ಓದುತ್ತೇವಲ್ಲ, ರೋಗಿಗೆ ಅದು ಕಾಣುವುದು ಈ ರೂಪದಲ್ಲಿ.

ಕೂರುವ ಭಂಗಿ, ಕಣ್ಣು ನೋಡುವುದು, ಕೈ ಕಟ್ಟಿಕೊಳ್ಳದಿರುವುದು, ಇವೆಲ್ಲ ಗೊತ್ತೇ ಇದೆ, ಬಿಡಿ. ನಿಜವಾಗಿ ಕಷ್ಟ ಆಗುವುದು ಸುಮ್ಮನಿರುವುದು. ರೋಗಿ ಅಳಲು ಶುರುಮಾಡಿದರೆ ನಮಗೆ ಕೈಕಾಲು ಆಡುವುದಿಲ್ಲ, ತಕ್ಷಣ ‘ಅಳಬೇಡಿ’ ಅಂತೇವೆ. ಅಳಲಿ. ಪಕ್ಕದಲ್ಲಿರಿ. ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ, ಬಾಯಿ ಬಿಡಬೇಡಿ. ಸಾಮಾನ್ಯವಾಗಿ ಅಷ್ಟರೊಳಗೆ ಅವರೇ ಮುಂದಿನ ಮಾತು ಆಡುತ್ತಾರೆ, ಆ ಮಾತೇ ಮುಖ್ಯವಾದದ್ದಾಗಿರುತ್ತದೆ. ಕೈ ಹಿಡಿಯಬಹುದಾ ಅಂತ ಹುಡುಗಿಯರು ಕೇಳುತ್ತಾರೆ. ಕೆಲವರಿಗೆ ಅದರಿಂದ ತುಂಬಾ ಧೈರ್ಯ ಬರುತ್ತದೆ, ಕೆಲವರಿಗೆ ಮುಜುಗರ. ನಿಮ್ಮ ಕೈ ಅವರ ಕೈ ಹತ್ತಿರ ಇರಲಿ, ಅವರು ಹಿಡಿದರೆ ಹಿಡಿಯಲಿ.

‘ಯಾಕೆ’ ಅನ್ನುವ ಪ್ರಶ್ನೆ ಕಡಿಮೆ ಮಾಡಿ. ‘ಯಾಕೆ ಮಾತ್ರೆ ತಗೊಂಡಿಲ್ಲ?’ ಅಂದರೆ ಬೈದ ಹಾಗೆ ಕೇಳುತ್ತದೆ, ಅವರು ಒಂದು ನೆಪ ಹೇಳುತ್ತಾರೆ. ‘ಮಾತ್ರೆ ತಗೊಳ್ಳೋಕೆ ಏನು ಕಷ್ಟ ಆಗ್ತಿದೆ?’ ಅಂದರೆ ನಿಜ ಹೊರಗೆ ಬರುತ್ತದೆ. ಅದೇ ರೀತಿ, ‘ನಿಮ್ಮ ಜಾಗದಲ್ಲಿ ನಾನಿದ್ದರೆ’ ಅಂತ ಶುರುವಾಗುವ ಸಲಹೆಗಳು, ‘ನಮ್ಮ ಸಂಬಂಧಿಕರಿಗೂ ಹೀಗೇ ಆಗಿತ್ತು’ ಅನ್ನುವ ಕಥೆಗಳು. ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಅಷ್ಟು ಹೊತ್ತಿಗೆ ಮಾತು ರೋಗಿಯನ್ನು ಬಿಟ್ಟು ನಮ್ಮ ಕಡೆ ತಿರುಗಿರುತ್ತದೆ.

ವಯಸ್ಸಾದವರ ಜೊತೆ ಮಾತಾಡುವಾಗ ಏಕವಚನ ತಾನಾಗಿ ಬಂದುಬಿಡುತ್ತದೆ, ಅದರ ಜೊತೆಗೆ ಮಗುವಿನ ಹತ್ತಿರ ಮಾತಾಡುವ ರಾಗ. ‘ಜಾಣ ಅಲ್ವಾ ನೀನು, ಬಾಯಿ ತೆಗಿ’ ಅಂತ. ಡಿಮೆನ್ಷಿಯಾ ಇರುವವರ ಮೇಲೆ ನಡೆದ ಅಧ್ಯಯನಗಳಲ್ಲಿ, ಹೀಗೆ ಮಾತಾಡಿದಾಗ ಅವರು ಆರೈಕೆಗೆ ಜಾಸ್ತಿ ತಡೆ ಒಡ್ಡುತ್ತಾರೆ ಅಂತ ಕಂಡುಬಂದಿದೆ. ನೆನಪು ಹೋಗಿರಬಹುದು, ಮರ್ಯಾದೆ ಕೊಡುತ್ತಿದ್ದಾರಾ ಇಲ್ವಾ ಅನ್ನುವುದು ಗೊತ್ತಾಗುತ್ತದೆ. ಹೇಗೆ ಕರೆಯಲಿ ಅಂತ ಅವರನ್ನೇ ಕೇಳಿ. ಕಿವಿ ಮಂದ ಇದ್ದರೆ ಕೂಗಬೇಡಿ. ವಯಸ್ಸಿನಿಂದ ಕಿವಿ ಹೋದವರಿಗೆ ಮೊದಲು ಕೇಳಿಸದಾಗುವುದು ಕೀರಲು ಸ್ವರ, ಕೂಗಿದಷ್ಟೂ ಅದು ಇನ್ನೂ ಕೀರಲಾಗುತ್ತದೆ. ಮುಂದೆ ಬಂದು, ಮುಖದ ಮೇಲೆ ಬೆಳಕಿರುವ ಹಾಗೆ ನಿಂತು, ಸ್ವರ ತಗ್ಗಿಸಿ ನಿಧಾನವಾಗಿ ಹೇಳಿ. ಅದಕ್ಕೂ ಮೊದಲು ಕನ್ನಡಕ, ಶ್ರವಣಯಂತ್ರ ಎಲ್ಲಿದೆ ನೋಡಿ. ಎಷ್ಟೋ ಸಲ ಅವು ಲಾಕರಿನಲ್ಲೇ ಇರುತ್ತವೆ, ನಾವು ‘ರೋಗಿ ಗೊಂದಲದಲ್ಲಿದ್ದಾರೆ’ ಅಂತ ಬರೆದಿರುತ್ತೇವೆ.

ಮಾತು ಬಾರದವರ ಹತ್ತಿರವೂ ಮಾತಾಡಬೇಕು. ಸ್ಟ್ರೋಕಿನಿಂದ ಮಾತು ಹೋದವರಿಗೆ ಬುದ್ಧಿ ಹೋಗಿರುವುದಿಲ್ಲ. ಹೌದು ಅಥವಾ ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಒಂದೊಂದಾಗಿ ಕೇಳಿ, ಕಾಯಿರಿ, ಅವರ ವಾಕ್ಯ ನೀವು ಮುಗಿಸಬೇಡಿ. ವೆಂಟಿಲೇಟರಿನಲ್ಲಿರುವವರಿಗೆ ಚಿತ್ರದ ಬೋರ್ಡ್, ಪೆನ್ನು, ಕಣ್ಣು ಮಿಟುಕಿಸುವ ಸನ್ನೆ, ಯಾವುದಾದರೂ ಒಂದು ದಾರಿ ಮಾಡಿಕೊಡಿ. ಪ್ರಜ್ಞೆ ಇಲ್ಲದವರಿಗೂ ‘ಈಗ ಮಗ್ಗುಲು ಬದಲಾಯಿಸ್ತೀವಿ’ ಅಂತ ಹೇಳಿಯೇ ಮುಟ್ಟಿ. ಅವರ ಹಾಸಿಗೆಯ ತಲೆಯ ಕಡೆ ನಿಂತು ಅವರ ಕಾಯಿಲೆ ಬಗ್ಗೆ ಮಾತಾಡಬೇಡಿ. ಕೇಳಿಸುತ್ತಿರಬಹುದು.

ಮನೆಯವರು ಬಂದು ‘ಅವರಿಗೆ ಕಾಯಿಲೆ ಏನು ಅಂತ ಹೇಳಬೇಡಿ’ ಅಂತ ಕೈ ಹಿಡಿದು ಕೇಳಿಕೊಳ್ಳುತ್ತಾರೆ. ಅವರ ಮೇಲೆ ರೇಗಬೇಡಿ, ಅದು ಭಯದಿಂದ ಬರುವ ಪ್ರೀತಿ. ‘ಅವರಿಗೆ ಗೊತ್ತಾದರೆ ಏನಾಗಬಹುದು ಅಂತ ನಿಮಗೆ ಚಿಂತೆ?’ ಅಂತ ಕೇಳಿ. ಆಮೇಲೆ ಸ್ಪಷ್ಟವಾಗಿ ಹೇಳಿ: ನಾನಾಗಿ ಹೋಗಿ ಹೇಳುವುದಿಲ್ಲ, ಆದರೆ ಅವರೇ ಕೇಳಿದರೆ ಸುಳ್ಳು ಹೇಳುವುದಿಲ್ಲ, ಡಾಕ್ಟರ್ ಹತ್ತಿರ ಮಾತಾಡಿಸುತ್ತೇನೆ. ಈ ಕೋರಿಕೆಯನ್ನು ಡಾಕ್ಟರಿಗೂ ಇನ್‌ಚಾರ್ಜ್ ಸಿಸ್ಟರಿಗೂ ತಿಳಿಸಿ. ಎಷ್ಟು ತಿಳಿಯಬೇಕು, ಯಾರ ಜೊತೆ ತಿಳಿಯಬೇಕು ಅನ್ನುವುದನ್ನು ರೋಗಿಯ ಹತ್ತಿರವೇ ಕೇಳಬೇಕು. ‘ನನಗೇನೂ ಹೇಳಬೇಡಿ, ಮಗಳಿಗೆ ಹೇಳಿ’ ಅನ್ನುವ ಹಕ್ಕೂ ಅವರದ್ದೇ.

ಸಿಟ್ಟಿಗೆದ್ದವರ ಮುಂದೆ ಮೊದಲ ವಾಕ್ಯವೇ ಸಮರ್ಥನೆ ಆಗಬಾರದು. ‘ಸ್ಟಾಫ್ ಕಡಿಮೆ ಇದ್ದಾರೆ’ ಅನ್ನುವುದು ನಿಜ ಇರಬಹುದು, ಆದರೆ ಎರಡು ಗಂಟೆ ನೋವಿನಲ್ಲಿ ಕಾದವರಿಗೆ ಅದು ಬೇಕಿಲ್ಲ. ‘ಎಷ್ಟು ಹೊತ್ತಿಂದ ಕಾಯ್ತಿದ್ದೀರಿ? ನೋವಲ್ಲಿ ಕಾಯೋದು ತುಂಬಾ ಕಷ್ಟ’ ಅಂತ ಶುರುಮಾಡಿ, ಆಮೇಲೆ ಏನು ಮಾಡಬಲ್ಲಿರಿ ಹೇಳಿ. ಕೈ ಎತ್ತುವ ಲಕ್ಷಣ ಕಂಡರೆ ಮಾತು ಬಿಡಿ, ಬಾಗಿಲ ಕಡೆ ಇರಿ, ಜನ ಕರೆಯಿರಿ. ಏಟು ತಿನ್ನುವುದು ಸೇವೆ ಅಲ್ಲ.

‘ಬದುಕೋದೇ ಬೇಡ’ ಅಂತ ಯಾರಾದರೂ ಅಂದರೆ ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರ್ತಿದೆಯಾ? ಹೇಗೆ ಅಂತ ಏನಾದರೂ ಯೋಚಿಸಿದ್ದೀರಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ, ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅಂತ ಹಗುರ ಆಗುತ್ತದೆ. ‘ಯಾರಿಗೂ ಹೇಳಬೇಡಿ’ ಅಂದರೆ ಆ ಮಾತು ಕೊಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಇನ್ನೊಬ್ಬರನ್ನು ಅಲ್ಲಿಗೇ ಕರೆಸಿ, ಆ ಕ್ಷಣವೇ ತಿಳಿಸಿ.

ಡಿಸ್ಚಾರ್ಜ್ ದಿನ ‘ಅರ್ಥ ಆಯ್ತಾ?’ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಎಲ್ಲರೂ ಹೂಂ ಅಂತಾರೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ದಿನಾ ಬೆಳಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿನ್ನುವ ಮೊದಲು ತೂಕ ನೋಡಿ ಬರೆದಿಡಿ, ಎರಡು ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ತಡ ಮಾಡದೆ ಆಸ್ಪತ್ರೆಗೆ ತಿಳಿಸಿ ಅಂತ ಹೇಳಿಕೊಡುತ್ತೇವೆ. ಹೇಳಿದ ಮೇಲೆ ಹೀಗೆ ಕೇಳಿ: ‘ನಾನು ಸರಿಯಾಗಿ ಹೇಳಿದ್ನಾ ನೋಡಬೇಕು. ತೂಕ ಯಾವಾಗ ನೋಡ್ತೀರಿ, ಎಷ್ಟು ಏರಿದ್ರೆ ನಮಗೆ ಹೇಳ್ತೀರಿ, ನನಗೊಮ್ಮೆ ಹೇಳಿ.’ ಪರೀಕ್ಷೆ ಅವರದ್ದಲ್ಲ, ನಿಮ್ಮದು ಅನ್ನುವ ಧಾಟಿ ಇರಲಿ. ತಪ್ಪಿದ್ದರೆ ಬೇರೆ ಮಾತಿನಲ್ಲಿ ಮತ್ತೆ ಹೇಳಿ.

ಹಿಲ್ಡೆಗಾರ್ಡ್ ಪೆಪ್ಲಾವ್ ಅನ್ನುವ ಅಮೆರಿಕದ ನರ್ಸ್ 1952ರಲ್ಲಿ ನರ್ಸ್-ರೋಗಿ ಸಂಬಂಧದ ಹಂತಗಳ ಬಗ್ಗೆ ಬರೆದರು, ಅದರಲ್ಲಿ ವಿದ್ಯಾರ್ಥಿಗಳು ಮರೆಯುವುದು ಕೊನೆಯ ಹಂತವನ್ನು. ಸಂಬಂಧ ಮುಗಿಸುವುದೂ ಆರೈಕೆಯೇ. ನಿಮ್ಮ ಪೋಸ್ಟಿಂಗ್ ಬದಲಾಗುವ ಮುಂಚೆ, ‘ನಾಡಿದ್ದಿನಿಂದ ನಾನು ಬೇರೆ ವಾರ್ಡಿಗೆ ಹೋಗ್ತೀನಿ, ಇವರು ನಿಮ್ಮನ್ನು ನೋಡ್ಕೋತಾರೆ’ ಅಂತ ಪರಿಚಯ ಮಾಡಿಕೊಟ್ಟು ಹೋಗಿ. ಇದ್ದಕ್ಕಿದ್ದಂತೆ ಕಾಣೆಯಾಗಬೇಡಿ. ಹಾಗೆಯೇ ಫೋನ್ ನಂಬರ್ ಕೊಡುವುದು, ದುಬಾರಿ ಉಡುಗೊರೆ ತೆಗೆದುಕೊಳ್ಳುವುದು, ರೋಗಿಯ ಫೋಟೋ ಹಾಕುವುದು ಬೇಡ. ಹತ್ತಿರವಾಗಿರಿ, ಆದರೆ ನೀವು ಅಲ್ಲಿರುವುದು ಅವರಿಗೋಸ್ಕರ. ನಿಮಗೆ ಅಳು ಬಂದರೆ ಅದರಲ್ಲಿ ತಪ್ಪಿಲ್ಲ, ಆಮೇಲೆ ನಂಬಿಕೆಯ ಒಬ್ಬ ಸೀನಿಯರ್ ಹತ್ತಿರ ಕೂತು ಹೇಳಿಕೊಳ್ಳಿ.

ಇನ್ನು ಬರೆಯುವುದು. ಕೇಳಿಸಿಕೊಂಡದ್ದು ನಿಮ್ಮ ತಲೆಯಲ್ಲೇ ಉಳಿದರೆ ಶಿಫ್ಟ್ ಬದಲಾದ ಕೂಡಲೇ ಅದು ಕಳೆದುಹೋಗುತ್ತದೆ. ಹ್ಯಾಂಡ್‌ಓವರ್‌ಗೆ (ಮುಂದಿನ ಶಿಫ್ಟಿನವರಿಗೆ ರೋಗಿಯ ವಿಷಯ ಒಪ್ಪಿಸುವುದಕ್ಕೆ) ಬಳಸುವ ಎಸ್‌ಬಿಎಆರ್ ಕ್ರಮ, ಅಂದರೆ ಸಿಚುಯೇಷನ್ (ಈಗಿನ ಸ್ಥಿತಿ), ಬ್ಯಾಕ್‌ಗ್ರೌಂಡ್ (ಹಿನ್ನೆಲೆ), ಅಸೆಸ್‌ಮೆಂಟ್ (ನಮಗೆ ಅನ್ನಿಸಿದ್ದು), ರೆಕಮಂಡೇಷನ್ (ಏನು ಮಾಡಬೇಕು ಅನ್ನುವ ಸಲಹೆ), ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಿಂದ ಆಸ್ಪತ್ರೆಗೆ ಬಂದದ್ದು. ಮುಖ್ಯವಾದದ್ದು ಬಿಟ್ಟುಹೋಗಬಾರದು ಅನ್ನುವುದೇ ಅದರ ಉದ್ದೇಶ. ಅದರಲ್ಲಿ ರೋಗಿಯ ಮಾತಿಗೂ ಜಾಗ ಮಾಡಿ. ‘ರೋಗಿ ಸಹಕರಿಸುತ್ತಿಲ್ಲ, ರಾತ್ರಿಯ ಮಾತ್ರೆ ನಿರಾಕರಿಸಿದರು’ ಅಂತ ಬರೆದರೆ ಮುಂದಿನ ಸಿಸ್ಟರ್ ಆ ಹಾಸಿಗೆಗೆ ಮುಖ ಬಿಗಿದುಕೊಂಡೇ ಹೋಗುತ್ತಾರೆ. ಅದೇ, ‘ರಾತ್ರಿಯ ಮೂತ್ರದ ಮಾತ್ರೆ ಬೇಡ ಅಂದರು. ಅವರ ಮಾತಿನಲ್ಲಿ: ಕತ್ತಲಲ್ಲಿ ಎದ್ದು ಹೋಗೋಕೆ ಭಯ, ಹೋದ ಸಲ ಬಿದ್ದಿದ್ದೆ. ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಬೇಕು. ಹಾಸಿಗೆ ಪಕ್ಕ ಕಮೋಡ್ ಮತ್ತು ದೀಪ ಬೇಕು’ ಅಂತ ಬರೆದರೆ, ಮರುದಿನ ಮಾತ್ರೆಯ ಹೊತ್ತು ಮಧ್ಯಾಹ್ನಕ್ಕೆ ಬರಬಹುದು, ಸಂಜೆಯೊಳಗೆ ಕಮೋಡ್ ಹಾಸಿಗೆ ಪಕ್ಕ ಬಂದಿರುತ್ತದೆ.